ಏಳನೆಯ ಬೈಕು

ನಮ್ಮ ಮನೆಯ ಮಲಗುವ ಕೋಣೆಯ ಬಾಗಿಲ ಹಿಂದೆ ಒಂದು ಜಾಕೆಟ್ಟು ತೂಗು ಹಾಕಿದೆ. ಕಪ್ಪು ಬಣ್ಣದ್ದು, ಭುಜದ ಮೇಲೆ ಕಿತ್ತಳೆ ಪಟ್ಟಿ. ದೊಡ್ಡ ಬೈಕು ಓಡಿಸುವವರು ತೊಡುತ್ತಾರಲ್ಲ, ಅಂಥದ್ದು. ಮೊಣಕೈ, ಭುಜ, ಬೆನ್ನು ಎಲ್ಲ ಕಡೆ ಒಳಗೆ ಗಟ್ಟಿ ತುಂಡುಗಳನ್ನು ಕೂಡಿಸಿ ಹೊಲಿದಿರುವುದರಿಂದ ಅದು ಉಳಿದ ಅರಿವೆಗಳ ಹಾಗೆ ಜೋತು ಬೀಳುವುದಿಲ್ಲ. ಒಳಗೆ ಯಾರೋ ಇದ್ದಾರೆ ಅನ್ನುವಂತೆ ಎದೆ ಉಬ್ಬಿಸಿಕೊಂಡೇ ಇರುತ್ತದೆ. ನಾನು ತೊಟ್ಟಾಗ ಅದರ ಎದೆ ಅಷ್ಟು ಉಬ್ಬುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಆಗ ಉಬ್ಬುತ್ತಿದ್ದದ್ದು ಒಂದು ಗೇಣು ಕೆಳಗೆ.

ಬಾಗಿಲನ್ನು ಪೂರ್ತಿ ತೆರೆಯಲು ಅದು ಬಿಡುವುದಿಲ್ಲ. ಹದಿನೈದು ದಿನಕ್ಕೊಮ್ಮೆ ನನ್ನ ಹೆಂಡತಿ ಗಿರಿಜಾ ಕಸ ಗುಡಿಸುವಾಗ ಅದಕ್ಕೆ ತಲೆ ತಾಗಿಸಿಕೊಂಡು ಕೇಳುತ್ತಾಳೆ: "ಏನ್ರಿ, ಇದನ್ನ ಯಾರಿಗರ ಕೊಟ್ಟು ಕೈ ತೊಳ್ಕೊಳೂಣಲ್ಲ?" ನಾನು ಪೇಪರಿನಿಂದ ತಲೆ ಎತ್ತದೆ, "ಇರ್ಲಿ ಬಿಡು, ಮಳಿಗಾಲಕ್ಕ ಬೇಕಾಗ್ತೈತಿ" ಅನ್ನುತ್ತೇನೆ. ಹಾಗೆ ಅನ್ನತೊಡಗಿದ ಮೇಲೆ ಎರಡು ಮಳೆಗಾಲ ಆಗಿ ಹೋದವು. ತೊಡುವುದೂ ಇಲ್ಲ, ಕೊಡುವುದೂ ಇಲ್ಲ. ಯಾಕೆ ಅಂತ ಅವಳಿಗೆ ಪೂರ್ತಿ ಹೇಳಿಲ್ಲ. ನಿಮಗೆ ಹೇಳುತ್ತೇನೆ. ನೀವು ನಮ್ಮ ಮಹಾಂತೇಶ ನಗರದವರಲ್ಲ, ನಾಳೆ ಮುಂಜಾನೆ ಹಾಲಿನ ಅಂಗಡಿಯಲ್ಲಿ ನನಗೆ ಎದುರಾಗುವವರಲ್ಲ. ಅಷ್ಟು ಧೈರ್ಯ ನನಗೆ ಸಾಕು.

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಕರಿಹಲಗೆಯ ಮೇಲೆ ಹಸಿರು ಚಾಕಿನಲ್ಲಿ ಸಹ್ಯಾದ್ರಿಯನ್ನು ಬರೆದು, ನೀಲಿ ಚಾಕಿನಲ್ಲಿ ಮಲಪ್ರಭೆಯನ್ನು ಇಳಿಸಿ, ಗಂಟೆ ಹೊಡೆದ ಕೂಡಲೇ ಎರಡನ್ನೂ ಒರೆಸಿ ಹಾಕುತ್ತ ಬಂದವನು. ಐವತ್ತೆರಡಕ್ಕೆ ಬಂದಾಗ ಒಂದು ದಿನ ಹಾಗೆ ಒರೆಸುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಅನಿಸಿತು: ಊರಿಂದ ನಲವತ್ತು ಕಿಲೋಮೀಟರಿನಾಚೆ ಖರೇ ಖರೇ ನಿಂತಿರುವ ಗುಡ್ಡಗಳನ್ನು ನೋಡಿ ಎಷ್ಟು ವರ್ಷ ಆಯಿತು? ಇಂಥ ವಿಚಾರ ಬಂದರೆ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರಬೇಕು. ನಾನು ಹಾಗೆ ಮಾಡದೆ ದೊಡ್ಡದೊಂದು ಬೈಕು ಕೊಂಡೆ.

ಬೈಕು ಮನೆಗೆ ಬಂದ ದಿನ ಗಿರಿಜಾ ಆರತಿ ಎತ್ತಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು, "ಪೂಜಾ ಗಾಡಿಗಿ ಮಾಡಿದ್ನಿ. ಖರೇ ಅಂದ್ರ ನಿಮ್ಮ ತೆಲಿಗಿ ಮಾಡಬೇಕಾಗಿತ್ತು" ಅಂದಳು. ಒಂದೇ ಒಂದು ಸಲ ಹಿಂದೆ ಕೂತು ಸಾಂಬ್ರಾದ ವಿಮಾನ ನಿಲ್ದಾಣದವರೆಗೆ ಬಂದಳು. ವಿಮಾನ ಇಳಿಯುವುದನ್ನು ಇಬ್ಬರೂ ಬೇಲಿಯಾಚೆ ನಿಂತು ನೋಡಿದೆವು. ತಿರುಗಿ ಹೋಗುವಾಗ ಅವಳು ಬಸ್ಸಿನಲ್ಲಿ ಹೋದಳು. ಸೊಂಟಕ್ಕಿಂತ ಎತ್ತರದ ಸೀಟಿನ ಮೇಲೆ ಕೂತು ಊರೆಲ್ಲ ಮೆರೆಯಲು ತಾನೇನು ಹರಕೆ ಹೊತ್ತಿಲ್ಲ ಅನ್ನುವುದು ಅವಳ ವಾದ.

ಒಬ್ಬನೇ ತಿರುಗುವುದು ಬೇಸರ ಅಂತ ಭಾನುವಾರದ ಒಂದು ಗುಂಪು ಸೇರಿಕೊಂಡೆ. ಒಟ್ಟು ಏಳು ಜನ, ಏಳು ಬೈಕು. ಶಿವಬಸವ ನಗರದ ದಂತವೈದ್ಯರೊಬ್ಬರು ನಮ್ಮ ಕ್ಯಾಪ್ಟನ್ನರು. ವಾರದ ಆರು ದಿನ ಜನರ ಬಾಯಿ ತೆರೆಸುವ ಆ ಡಾಕ್ಟರು ಏಳನೆಯ ದಿನ ಯಾರಿಗೂ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ನಿಯಮವೆಂದರೆ ನಿಯಮ. ಸಾಲು ಮುರಿಯಬಾರದು. ಮುಂದಿನವನನ್ನು ಹಿಂದೆ ಹಾಕಬಾರದು. ಅವರು ಕೈ ತೋರಿಸದೆ ಯಾರೂ ನಡುದಾರಿಯಲ್ಲಿ ನಿಲ್ಲಬಾರದು. ಇನ್ನೊಂದು ನಿಯಮವೂ ಇತ್ತು: ಎದುರಿಗೆ ಬಂದ ಸವಾರರಿಗೆ, ರಸ್ತೆ ಬದಿಯ ಹುಡುಗರಿಗೆ, ದನ ಕಾಯುವವರಿಗೆ ಎಲ್ಲರಿಗೂ ಎಡಗೈ ಎತ್ತಿ ಟಾಟಾ ಮಾಡಬೇಕು, ಎರಡು ಸಲ ಹಾರ್ನು ಹೊಡೆಯಬೇಕು. "ಹಳ್ಳಿ ಮಂದಿಗಿ ನಮ್ಮ ಮ್ಯಾಲೆ ಪ್ರೀತಿ ಹುಟ್ಟಬೇಕ್ರಿ ಸರ್" ಅನ್ನುತ್ತಿದ್ದರು ಡಾಕ್ಟರು. ಮುಂಜಾನೆ ಆರಕ್ಕೆ ಅವರ ಊರೊಳಗೆ ಗುಡುಗುಡು ಅಂತ ನುಗ್ಗಿ ಕೋಳಿಗಳನ್ನು ಚೆದುರಿಸುವ ನಮ್ಮ ಮೇಲೆ ಯಾವ ಪ್ರೀತಿ ಹುಟ್ಟೀತು ಅಂತ ಆಗ ನನಗೂ ಹೊಳೆದಿರಲಿಲ್ಲ.

ಏಳು ಬೈಕಿನಲ್ಲಿ ನನ್ನದು ಏಳನೆಯದು. "ಕಡೇ ಗಾಡಿ ಅಂದ್ರ ಭಾಳ ಜವಾಬ್ದಾರಿ ಜಾಗಾ. ಹಿಂದ ಯಾರೂ ಉಳೀಲಾರದಂಗ ನೋಡ್ಕೊಳ್ಳಾವ್ರು ನೀವ" ಎಂದು ಡಾಕ್ಟರು ಹೇಳಿದ್ದರು. ನಾನು ಅದನ್ನು ಆರು ತಿಂಗಳು ನಂಬಿದೆ. ಆಮೇಲೆ ಗೊತ್ತಾಯಿತು, ಎಲ್ಲರಿಗಿಂತ ಸಾವಕಾಶ ಓಡಿಸುವವನನ್ನು ಕೊನೆಗೆ ಹಾಕುವುದು ರೂಢಿಯಂತೆ.

ಆದರೆ ಆ ದಾರಿ ಮಾತ್ರ! ಅದನ್ನು ನೆನೆದರೆ ಈಗಲೂ ಜೀವ ಅತ್ತ ಎಳೆಯುತ್ತದೆ. ಪೀರನವಾಡಿ ದಾಟಿದ ಕೂಡಲೇ ಬೆಳಗಾವಿ ಬೆನ್ನು ಬಿಡುತ್ತದೆ. ಭತ್ತದ ಗದ್ದೆಗಳಲ್ಲಿ ನೀರು, ನೀರಿನಲ್ಲಿ ಬೆಳ್ಳಕ್ಕಿ. ಕೆಂಪು ಜಂಬಿಟ್ಟಿಗೆಯ ದಿಬ್ಬಗಳ ಮೇಲೆ ಗೇರು ಗಿಡ. ಜಾಂಬೋಟಿಯಿಂದ ಆಚೆಗೆ ಕಾಡು ರಸ್ತೆಯ ಎರಡೂ ಬದಿಗೆ ಬಂದು ನಿಲ್ಲುತ್ತದೆ. ಶ್ರಾವಣದಲ್ಲಿ ಮಂಜು ಎಷ್ಟು ದಟ್ಟ ಅಂದರೆ, ಮುಂದಿನ ಬೈಕಿನ ಕೆಂಪು ದೀಪವೊಂದನ್ನೇ ನಂಬಿ ಹೋಗಬೇಕು. ಹೆಲ್ಮೆಟ್ಟಿನ ಗಾಜು ಎತ್ತಿದರೆ ಮುಖಕ್ಕೆ ತಣ್ಣನೆಯ ಹನಿ, ಮೂಗಿಗೆ ಕೊಳೆತ ಎಲೆ ಮತ್ತು ಒದ್ದೆ ಕಲ್ಲಿನ ವಾಸನೆ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವಲ್ಲಿ ನಿಂತು ನಾನು ಉಳಿದ ಆರು ಜನರಿಗೆ ಜಲಾನಯನದ ಬಗ್ಗೆ ಹೇಳಲು ಶುರು ಮಾಡುತ್ತಿದ್ದೆ. ಅವರು ಒಬ್ಬೊಬ್ಬರಾಗಿ ಹೆಲ್ಮೆಟ್ಟು ತೊಟ್ಟುಕೊಳ್ಳುತ್ತಿದ್ದರು.

ಆ ರಸ್ತೆ ನನಗೆ ಹೊಸದಲ್ಲ. ಸಣ್ಣವನಿದ್ದಾಗ ನಾವು ಖಾನಾಪುರದಲ್ಲಿದ್ದೆವು. ನಮ್ಮಪ್ಪ ಜಾಂಬೋಟಿ ಕಡೆಯ ದನದ ದವಾಖಾನೆಯಲ್ಲಿ ಕಂಪೌಂಡರ್. ಅವನ ಹತ್ತಿರ ಒಂದು ಹಳೆಯ ಫಟಫಟಿ ಇತ್ತು. ಸೈಲೆನ್ಸರಿಗೆ ತಂತಿ ಸುತ್ತಿ ಓಡಿಸುತ್ತಿದ್ದ. ಸೂಟಿಯಲ್ಲಿ ನನ್ನನ್ನು ಪೆಟ್ರೋಲ್ ಟಾಕಿಯ ಮೇಲೆ ಕೂರಿಸಿಕೊಂಡು ಹಳ್ಳಿ ಹಳ್ಳಿ ತಿರುಗಾಡುತ್ತಿದ್ದ. ಆ ಸೀಮೆಯಲ್ಲಿ ದಿನಕ್ಕೆ ಎರಡೇ ಬಸ್ಸು. ರಸ್ತೆಯ ಬದಿಗೆ ನಿಂತವರು ಕೈ ಎತ್ತಿದರೆ ಗಾಡಿಯವನು ನಿಲ್ಲಲೇಬೇಕು. ಇದಕ್ಕೆ ಯಾರೂ ಕಾನೂನು ಬರೆದಿರಲಿಲ್ಲ, ಯಾರೂ ಅದನ್ನು ಉಪಕಾರ ಅಂತಲೂ ಅಂದುಕೊಳ್ಳುತ್ತಿರಲಿಲ್ಲ. ಹತ್ತಿದವರು ಥ್ಯಾಂಕ್ಸ್ ಹೇಳುತ್ತಿರಲಿಲ್ಲ, ಇಳಿದ ಕೂಡಲೇ ತಮ್ಮ ದಾರಿ ಹಿಡಿಯುತ್ತಿದ್ದರು. ಅಪ್ಪನ ಹಿಂದೆ ಒಮ್ಮೆ ಬುಟ್ಟಿ ತುಂಬ ಕೋಳಿ ಹಿಡಿದುಕೊಂಡ ಮುದುಕಿ, ಇನ್ನೊಮ್ಮೆ ಹಲಸಿನಹಣ್ಣು ಅಪ್ಪಿಕೊಂಡ ಗೌಳಿ ದನಗಾಹಿ, ಮತ್ತೊಮ್ಮೆ ತೊಡೆಯ ಮೇಲೆ ಎರಡು ದಿನದ ಕರು ಅಡ್ಡ ಮಲಗಿಸಿಕೊಂಡವನು. ಆ ಕರು ಜಾಂಬೋಟಿಯವರೆಗೆ ನನ್ನ ಅಂಗಿಯ ತುದಿ ಚೀಪುತ್ತ ಬಂದಿತ್ತು.

ಒಂದು ಸಲ ಅಪ್ಪ ಹಾಗೆಯೇ ಕಸಬರಿಗೆಯ ಹೊರೆ ಹೊತ್ತ ಅಜ್ಜಿಯನ್ನು ಹಿಂದೆ ಕೂರಿಸಿಕೊಂಡು ನನ್ನನ್ನು ಖಾನಾಪುರದ ಸಾಲೆಯ ಬಾಗಿಲಿಗೆ ತಂದು ಬಿಟ್ಟ. ಹುಡುಗರೆಲ್ಲ ನಕ್ಕರು. "ಯಾರಲೇ ಅಂವಾ?" ಅಂತ ಕೇಳಿದ್ದಕ್ಕೆ ನಾನು, "ನಮ್ಮ ಮನ್ಯಾಗಿನ ಆಳು" ಅಂದೆ. ಹತ್ತು ವರ್ಷದವನ ಬುದ್ಧಿ ಅಂತ ನೀವು ಮನ್ನಿಸಬಹುದು. ನಾನೂ ಹಾಗೆಯೇ ಮನ್ನಿಸಿಕೊಂಡಿದ್ದೆ, ಐವತ್ತೆರಡರಲ್ಲೂ ಅದೇ ಬುದ್ಧಿ ಇರುವುದು ಗೊತ್ತಾಗುವವರೆಗೆ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಬರಲು ಮನಸ್ಸಿಲ್ಲದೆಯೇ ಇಷ್ಟು ಸುತ್ತು ಹಾಕಿದ್ದು ಅಂತ ನಿಮಗೆ ತಿಳಿದಿರಬಹುದು.

ಆ ದಿನ ಊರಲ್ಲಿ ಸರಕಾರಿ ನೌಕರಿಯ ಒಂದು ನೇಮಕಾತಿ ಪರೀಕ್ಷೆ ಇತ್ತು. ಬೆಳಗಾವಿಯ ಹತ್ತಾರು ಸಾಲೆ ಕಾಲೇಜುಗಳಲ್ಲಿ ಕೇಂದ್ರಗಳು. ನಮ್ಮ ಕಾಲೇಜೂ ಒಂದು. ಕೊಠಡಿಯ ಮೇಲ್ವಿಚಾರಣೆಗೆ ನನ್ನ ಹೆಸರೂ ಬಂದಿತ್ತು. ಮೂರು ದಿನ ಮೊದಲೇ ನಾನು ಪ್ರಿನ್ಸಿಪಾಲರ ಕೋಣೆಗೆ ಸೊಂಟ ಹಿಡಿದುಕೊಂಡು ಹೋಗಿ, ಕುರ್ಚಿಯ ಮೇಲೆ ಅರ್ಧ ಮಾತ್ರ ಕೂತು, "ಸರ್, ಡಿಸ್ಕ್ ಸರದೈತಂತ, ನಿಂದ್ರಾಕ ಬರವಲ್ದು" ಎಂದು ಹೇಳಿ ಹೆಸರು ತೆಗೆಸಿಕೊಂಡಿದ್ದೆ. ಅವರು ಪಾಪ ಎದ್ದು ಬಂದು ನನ್ನನ್ನು ಬಾಗಿಲವರೆಗೆ ಕೈ ಹಿಡಿದು ಕಳಿಸಿದರು. ಡಿಸ್ಕ್ ಸರಿದ ಆ ಮನುಷ್ಯ ಭಾನುವಾರ ಮುಂಜಾನೆ ಐದಕ್ಕೆ ಬೈಕನ್ನು ಸ್ಟ್ಯಾಂಡಿನಿಂದ ಒಂದೇ ಏಟಿಗೆ ಇಳಿಸಿದ.

ಕಣಕುಂಬಿಗೆ ಹೋಗಿ, ಮಂಜಿನಲ್ಲಿ ಕಾಣದ ಸೂರ್ಯೋದಯ ನೋಡಿ, ಫೋಟೋ ತೆಗೆಸಿಕೊಂಡು, ಏಳೂವರೆಯ ಹೊತ್ತಿಗೆ ತಿರುಗಿ ಹೊರಟೆವು. ಎಂಟಕ್ಕೆ ಜಾಂಬೋಟಿಯಲ್ಲಿ ನಾಷ್ಟಾ ಅಂತ ಮೊದಲೇ ಗೊತ್ತು ಮಾಡಿದ್ದೆವು. ಜಾಂಬೋಟಿಗೆ ಇನ್ನೂ ಏಳು ಕಿಲೋಮೀಟರು ಇದೆ ಅನ್ನುವಾಗ ಒಂದು ತಿರುವಿನ ಆಚೆ ತಗಡಿನ ಮಾಡಿನ ಬಸ್ ತಂಗುದಾಣ. ಅದರ ಮುಂದೆ ಇಬ್ಬರು ನಿಂತಿದ್ದರು. ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡ ಒಬ್ಬ ತಾಯಿ, ಪಕ್ಕದಲ್ಲಿ ಮೂವತ್ತರ ಹತ್ತಿರದ ಮಗಳು. ತಾಯಿ ಕೈ ಎತ್ತಿದ್ದಳು.

ಮೊದಲನೆಯ ಬೈಕಿನ ಡಾಕ್ಟರು ಎಡಗೈ ಎತ್ತಿ ಟಾಟಾ ಮಾಡಿ ಹೋದರು. ಎರಡನೆಯವರು ಮಾಡಿದರು. ಮೂರನೆಯವರು ಮಾಡಿದರು. ನಾನು ಹಿಂದಿನಿಂದ ಎಲ್ಲ ನೋಡುತ್ತಿದ್ದೆ. ತಾಯಿಯ ಕೈ ಕೆಳಗಿಳಿಯಲೇ ಇಲ್ಲ, ಒಂದು ಬೈಕಿನಿಂದ ಇನ್ನೊಂದು ಬೈಕಿಗೆ ತಿರುಗುತ್ತಿತ್ತು ಅಷ್ಟೇ. ನಾಲ್ಕನೆಯ ಬೈಕು ಹೋದಾಗ ಅವಳು ಡಾಂಬರಿನ ಮೇಲೆ ಕಾಲಿಟ್ಟಳು. ಆರನೆಯದು ಹೋದ ಮೇಲೆ ರಸ್ತೆಯ ಅರ್ಧಕ್ಕೆ ಬಂದಿದ್ದಳು. ನನಗೆ ವೇಗ ಇಳಿಸಲೇಬೇಕಾಯಿತು. ಇಳಿಸಿದೆ. ಎರಡನೆಯ ಗೇರಿಗೆ ಬಂದೆ.

ಆಗ ಮಗಳನ್ನು ನೋಡಿದೆ. ಎದೆಗೆ ಅವುಚಿಕೊಂಡ ಪಾರದರ್ಶಕ ಫೈಲು. ಒಳಗೆ ಫೋಟೋ ಅಂಟಿಸಿದ ಹಾಲ್ ಟಿಕೆಟ್ಟು, ಎರಡು ಪೆನ್ನು. ಕಿವಿಯಲ್ಲಿ ಓಲೆ ಇರಲಿಲ್ಲ, ತೂತು ಮುಚ್ಚದಿರಲಿ ಅಂತ ಕಸಬರಿಗೆಯ ಕಡ್ಡಿ ಚುಚ್ಚಿಕೊಂಡಿದ್ದಳು. ನೇಮಕಾತಿ ಪರೀಕ್ಷೆಗೆ ಓಲೆ ಹಾಕಿಕೊಂಡು ಬರುವಂತಿಲ್ಲ, ಬಾಗಿಲಲ್ಲೇ ತೆಗೆಸುತ್ತಾರೆ. ಎಷ್ಟು ಹೆಣ್ಣುಮಕ್ಕಳ ಓಲೆ ನಾನೇ ನಿಂತು ತೆಗೆಸಿದ್ದೇನೆ. ಒಂಬತ್ತೂವರೆಗೆ ಗೇಟು ಮುಚ್ಚುತ್ತಾರೆ ಅನ್ನುವುದೂ ಗೊತ್ತು. ಒಂದು ನಿಮಿಷ ತಡವಾಗಿ ಬಂದವರನ್ನು ಹೊರಗೇ ನಿಲ್ಲಿಸಿ, ನಿಯಮದ ಬಗ್ಗೆ ನಾಲ್ಕು ಮಾತು ಹೇಳಿ, ಎದೆ ಸೆಟೆಸಿಕೊಂಡು ಒಳಗೆ ಬಂದದ್ದೂ ಉಂಟು. ಬೆಳಗಾವಿ ಜಿಲ್ಲೆಯಲ್ಲಿ ಆ ಹುಡುಗಿಯನ್ನು ಒಂದು ನೋಟಕ್ಕೆ ಅರ್ಥ ಮಾಡಿಕೊಳ್ಳಬಲ್ಲವರು ಯಾರಾದರೂ ಇದ್ದರೆ ಅದು ನಾನೇ.

ಅರ್ಥವಾಯಿತು. ಬಸ್ಸು ಬಂದಿಲ್ಲ ಅಂತ ಅರ್ಥವಾಯಿತು. ಈಗ ಕೂರಿಸಿಕೊಂಡರೆ ಒಂಬತ್ತಕ್ಕೆಲ್ಲ ಬೆಳಗಾವಿ ಮುಟ್ಟಿಸಬಹುದು ಅಂತಲೂ ಅರ್ಥವಾಯಿತು. ಅದರ ಬೆನ್ನಿಗೇ ಇನ್ನೊಂದು ವಿಚಾರ ಬಂತು. ಇವಳ ಕೇಂದ್ರ ನಮ್ಮ ಕಾಲೇಜೇ ಆಗಿದ್ದರೆ? ಪ್ರಿನ್ಸಿಪಾಲರು ಗೇಟಿನಲ್ಲೇ ನಿಂತಿರುತ್ತಾರೆ. ಡಿಸ್ಕ್ ಸರಿದವನು ಕಿತ್ತಳೆ ಪಟ್ಟಿಯ ಜಾಕೆಟ್ಟಿನಲ್ಲಿ ಬೈಕಿನ ಮೇಲಿಂದ ಜಿಗಿದರೆ ಅವರ ಮುಖ ಹೇಗಾದೀತು? ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇತ್ತೇ ಅಂತ ಎರಡು ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ನಾನು ಎಡಗೈ ಎತ್ತಿದೆ. ಟಾಟಾ ಮಾಡಿದೆ. ನಿಯಮದ ಪ್ರಕಾರ ಎರಡು ಸಲ ಹಾರ್ನು ಕೂಡ ಹೊಡೆದೆ. ತಾಯಿಯನ್ನು ಬಳಸಿಕೊಂಡು ಮುಂದೆ ಹೋದೆ. ಕನ್ನಡಿಯಲ್ಲಿ ಅವಳು ನಾಲ್ಕು ಹೆಜ್ಜೆ ಓಡಿ ನಿಂತದ್ದು ಕಾಣಿಸಿತು.

ಜಾಂಬೋಟಿಯಲ್ಲಿ ಮಿಸಳ್ ಪಾವ್ ಬಂತು. ಡಾಕ್ಟರು ಈರುಳ್ಳಿ ಉದುರಿಸಿಕೊಳ್ಳುತ್ತ, "ಸರ್, ಆ ಹೆಣ್ಮಗಳು ನಿಮಗೇನೋ ಹೇಳಾಕತ್ತಿದ್ಲಲ್ಲ? ಕನ್ನಡಿಯೊಳಗ ನೋಡಿದ್ನಿ" ಅಂದರು. "ಏನಿಲ್ರಿ, ಟಾಟಾ ಮಾಡಿದ್ಲು" ಅಂದೆ. "ಸರ್‌ಗ ಹಳ್ಳ್ಯಾಗೂ ಫ್ಯಾನ್ಸ್ ಅದಾರ!" ಅಂತ ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಗುತ್ತಲೇ ಗಡಿಯಾರ ನೋಡಿಕೊಂಡೆ. ಎಂಟೂ ಐದು. ಈಗ ಎದ್ದರೆ ಹತ್ತು ನಿಮಿಷದಲ್ಲಿ ತಂಗುದಾಣ, ಅಲ್ಲಿಂದ ಬೆಳಗಾವಿಗೆ ಒಂದು ತಾಸು, ಒಂಬತ್ತೂ ಕಾಲು. ಆಗುತ್ತದೆ. ಇನ್ನೊಂದು ಪಾವ್ ತರಿಸಿಕೊಂಡೆ. ಎಂಟೂ ಹದಿನೈದು. ಆಗುತ್ತದೆ, ಸ್ವಲ್ಪ ಜೋರಾಗಿ ಓಡಿಸಬೇಕು. ಚಹಾ ಬಂತು. ಎಂಟೂ ಇಪ್ಪತ್ತೈದು. ಬಸ್ಸು ಬಂದಿರಬಹುದು, ಸುಮ್ಮನೆ ಹೋಗಿ ಪ್ರಯೋಜನವೇನು? ಎಂಟೂ ಮೂವತ್ತೈದು. ಈಗ ಹೋದರೂ ಆಗುವುದಿಲ್ಲ. ಹಾಗೆ ಗಟ್ಟಿಯಾದ ಕೂಡಲೇ ನನಗೆ ಹಗುರವಾಯಿತು. ನಿಲ್ಲದೆ ಹೋದದ್ದಕ್ಕಿಂತ ಆ ಹಗುರಾದದ್ದೇ ನನಗೆ ಹೆಚ್ಚು ನಾಚಿಕೆ ತರುತ್ತದೆ. ಕೈ ತೊಳೆದು ಬಂದು, ಬಡೇಸೋಪು ಬಾಯಿಗೆ ಹಾಕಿಕೊಂಡು, ಎಲ್ಲರಿಗಿಂತ ಮೊದಲು ನಾನೇ ಬೈಕು ಚಾಲೂ ಮಾಡಿದೆ.

ಬುಧವಾರ ಡಾಕ್ಟರು ಗುಂಪಿಗೆ ವಿಡಿಯೋ ಕಳಿಸಿದರು. ಆರನೆಯ ಬೈಕಿನ ಹಿಂದೆ ಒಂದು ಕ್ಯಾಮೆರಾ ಕೂಡಿಸಿದ್ದರು, ಅದರಲ್ಲಿ ಪೂರ್ತಿ ನಾನೇ ನಾನು. ಗಿರಿಜಾ ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯ ಕಿರುಬೆರಳಿನಿಂದ ಫೋನು ಒತ್ತಿ ನೋಡಿದಳು. "ಮಂಜಿನ್ಯಾಗ ಭಾಳ ಚೊಲೋ ಕಾಣಾಕತ್ತೀರಿ ನೋಡ್ರಿ" ಅಂದಳು. ಮದುವೆಯಾದ ಮೇಲೆ ಅವಳು ನನಗೆ ಹಾಗೆ ಅಂದದ್ದು ಎರಡನೆಯ ಸಲವೋ ಮೂರನೆಯ ಸಲವೋ. ಆಮೇಲೆ ಪರದೆಯ ಮೂಲೆಗೆ ಬೆರಳು ತೋರಿಸಿದಳು.

"ಇಕಿ ಯಾರ್ರಿ?"

"ಯಾರೋ ಹಳ್ಳಿ ಹೆಣ್ಮಗಳು. ಟಾಟಾ ಮಾಡಿದ್ಲು."

ಅವಳು ಅದನ್ನು ಹಿಂದಕ್ಕೆ ಸರಿಸಿ ಮತ್ತೊಮ್ಮೆ ನೋಡಿದಳು. "ಟಾಟಾ ಮಾಡಾವ್ರು ಗಾಡಿ ಬೆನ್ನ ಹತ್ತಿ ಓಡ್ತಾರೇನ್ರಿ?"

"ಹಾಲು ಉಕ್ಕಾಕತ್ತೈತಿ ನೋಡು" ಅಂದೆ. ಒಲೆಯ ಮೇಲೆ ಹಾಲೇ ಇರಲಿಲ್ಲ. ಅವಳು ನನ್ನ ಮುಖ ನೋಡಿದಳು, ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮುಂದಿನ ಭಾನುವಾರ ಗುಂಪಿಗೆ ಜ್ವರ ಅಂತ ಹೇಳಿ, ಗಿರಿಜಾಳ ಸ್ಕೂಟರು ತೆಗೆದುಕೊಂಡು, ದಿನಾ ಕಾಲೇಜಿಗೆ ಹಾಕುವ ತಿಳಿನೀಲಿ ಅಂಗಿಯಲ್ಲಿ ಹೊರಟೆ. ಕ್ಷಮೆ ಕೇಳಲು ಹೋಗುವವನು ಗುರುತು ಸಿಗದ ಹಾಗೆ ಯಾಕೆ ಹೋಗಬೇಕು ಅಂತ ನೀವು ಕೇಳಬಹುದು. ನಾನು ಕೇಳಿಕೊಳ್ಳಲಿಲ್ಲ. ಬರಿಗೈಯಲ್ಲಿ ಹೋಗಬಾರದು ಅಂತ ನಮ್ಮೂರಿನ ಸಿಹಿ, ಒಂದು ಡಬ್ಬಿ ಕುಂದಾ ಕಟ್ಟಿಸಿಕೊಂಡೆ. ದಾರಿಯುದ್ದ ಹೆಲ್ಮೆಟ್ಟಿನೊಳಗೆ ಮಾತು ಜೋಡಿಸುತ್ತ ಹೋದೆ. ಜಾಂಬೋಟಿಯವರೆಗೆ ಖರೇ ಮಾತನ್ನೇ ಜೋಡಿಸಿದ್ದೆ: ಬಾಯಾರೇ, ನಾನು ನೋಡಿದೆ, ಗೊತ್ತಿದ್ದೂ ನಿಲ್ಲಲಿಲ್ಲ, ನನ್ನ ಒಂದು ಸಣ್ಣ ಸುಳ್ಳನ್ನು ಕಾಪಾಡಿಕೊಳ್ಳಲು ನಿಮ್ಮ ಮಗಳನ್ನು ಬಿಟ್ಟು ಹೋದೆ. ಜಾಂಬೋಟಿ ದಾಟಿದ ಮೇಲೆ ಆ ಮಾತು ಸ್ವಲ್ಪ ಉದ್ದವಾಯಿತು ಅನಿಸಿ ಅಲ್ಲಲ್ಲಿ ಕತ್ತರಿಸಿದೆ.

ತಂಗುದಾಣದ ಹತ್ತಿರ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬನನ್ನು ಕೇಳಿದೆ. "ಪರೀಕ್ಷಾ ತಪ್ಪಿದ ಹುಡುಗಿ ಮನಿ ಏನ್ರಿ?" ಅಂತ ಅವನೇ ತಿರುಗಿ ಕೇಳಿ, ಇಳಿಜಾರಿನ ಕಾಲುದಾರಿ ತೋರಿಸಿದ. ಎಂಟೇ ದಿನದಲ್ಲಿ ಆ ಮನೆಗೆ ಅದೇ ಗುರುತಾಗಿಬಿಟ್ಟಿತ್ತು. ಊರಿನ ಹೆಸರು ನಾನು ಇಲ್ಲಿ ಬರೆಯುವುದಿಲ್ಲ.

ಹದಿನೈದು ಇಪ್ಪತ್ತು ಮನೆಗಳ ಗೌಳಿಗರ ಕೇರಿ. ತಾಯಿ ಅಂಗಳದಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಬೆಳಗಾವಿಯಿಂದ ಬಂದ ಮಾಸ್ತರ ಅಂದ ಕೂಡಲೇ ಕೈ ಸೀರೆಗೆ ಒರೆಸಿಕೊಂಡು, "ಯಾ ಯಾ, ಬರ್ರಿ, ಕುಂದರ್ರಿ" ಅಂತ ಮರಾಠಿ ಕನ್ನಡ ಎರಡರಲ್ಲೂ ಕರೆದು, ಜಗಲಿಯ ಮೇಲೆ ಚಾಪೆ ಹಾಸಿದಳು. ನಾನು ಡಬ್ಬಿ ಕೊಟ್ಟೆ. ಅವಳು ಅದನ್ನು ಬಿಚ್ಚಿ ನೋಡಿ, ಮುಖ ಅರಳಿಸಿಕೊಂಡು ಕೇಳಿದಳು: "ಕುಂದಾ! ಏನ್ ಸಿಹಿ ಸುದ್ದಿರಿ? ಪರೀಕ್ಷಾ ಮತ್ತ್ ಇಡ್ತಾರಂತೇನ್ರಿ?"

ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸುವುದು ಅಂದರೆ ಏನು ಅಂತ ಅಲ್ಲಿ ತಿಳಿಯಿತು. "ಇಲ್ರಿ" ಅಂದೆ. "ನಾ ಹೋದ ಐತ್ವ್ಯಾರ ಆ ಬೈಕಿನವ್ರ ಜೋಡಿ ಇದ್ದೆ. ಎಲ್ಲಾರ ಹಿಂದಿನ ಗಾಡಿ ನಂದು."

ಅವಳು ನನ್ನನ್ನು ಬೈಯುತ್ತಾಳೆ ಅಂದುಕೊಂಡೆ. ಬೈಯಲಿ ಅಂತ ಆಸೆಯೂ ಇತ್ತು. ಅವಳು ಡಬ್ಬಿ ಮುಚ್ಚಿ ಬದಿಗಿಟ್ಟು, "ಹೌದೇನ್ರಿ?" ಅಂದಳು. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದಳು. ಆಮೇಲೆ, ಯಾರದೋ ಮನೆಯ ಕತೆಯೆಂಬಂತೆ ಹೇಳಿದಳು. ಬಸ್ಸು ಬರಲೇ ಇಲ್ಲ. ಒಂಬತ್ತಕ್ಕೆ ತರಕಾರಿಯ ಟೆಂಪೋ ಸಿಕ್ಕಿತು. ಬೆಳಗಾವಿಯ ಕ್ಯಾಂಪಿನ ಕಡೆಯ ಒಂದು ಸಾಲೆಯಲ್ಲಿ ಮಗಳ ನಂಬರು. ಅಲ್ಲಿ ಹೋಗಿ ಇಳಿದಾಗ ಹತ್ತು ಹೊಡೆದಿತ್ತು. ಗೇಟು ಹಾಕಿದ್ದರು. ಒಳಗಿದ್ದವರು ನಿಯಮ ಅಂದರು.

ಕ್ಯಾಂಪಿನ ಕಡೆ. ನಮ್ಮ ಕಾಲೇಜಿಗೂ ಅದಕ್ಕೂ ಊರಿನ ಈ ತುದಿ ಆ ತುದಿ. ನಾನು ಅಲ್ಲಿ ಅವಳನ್ನು ಇಳಿಸಿ, ನಮ್ಮ ಪ್ರಿನ್ಸಿಪಾಲರ ನೆರಳೂ ಕಾಣದೆ, ಮನೆಗೆ ಹೋಗಿ ಮಲಗಬಹುದಿತ್ತು.

"ಮುಂದ ಬರೀಲಿ ಬಿಡ್ರಿ, ಮತ್ತ್ ಕರೀತಾರ" ಅಂದೆ. ಕ್ಲಾಸಿನಲ್ಲಿ ಫೇಲಾದವರಿಗೆ ಹೇಳಿ ಹೇಳಿ ರೂಢಿಯಾದ ಮಾತು.

"ಮುಂದಿನ ಸಲಕ್ಕ ಆಕಿ ವಯಸ್ಸು ದಾಟತೈತಂತ್ರಿ" ಅಂದಳು ತಾಯಿ. "ನಾಕ್ ವರ್ಷ ಓದಿದ್ಲು. ಎಮ್ಮಿ ಕಾಯ್ಕೊಂತ ಓದಿದ್ಲು. ಇದ ಕಡೇದು ಅಂತ ನಾಕ್ ದಿನ ಸರಿಯಾಗಿ ಊಟಾ ಮಾಡಿದ್ದಿಲ್ಲ. ಈಗ ಗೋವಾಕ್ಕ ಕಾಜು ಫ್ಯಾಕ್ಟರಿಗಿ ಹೊಂಟಾಳ, ಬರೂ ವಾರ."

ಮಗಳು ಅಷ್ಟೊತ್ತಿಗೆ ಬಾಗಿಲಿಗೆ ಬಂದು ನಿಂತಿದ್ದಳು. ಕಿವಿಯಲ್ಲಿ ಓಲೆ ಇದ್ದವು. ನಾನು ಲೋಟ ನೋಡುತ್ತ ಕೂತೆ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆ ಬಂದಿತ್ತು. ಅದನ್ನು ಹೇಗೆ ಶುರು ಮಾಡಲಿ ಅಂತ ನಾನು ತಡಬಡಿಸುತ್ತಿರುವಾಗ ಆ ತಾಯಿಗೆ ನನ್ನ ಮೇಲೆ ಕರುಣೆ ಬಂತು.

"ನೀವೂ ಏನ್ ಮಾಡ್ತೀರಿ ಪಾಪ" ಅಂದಳು. "ನಾವು ಟಾಟಾ ಮಾಡಾಕತ್ತೇವಿ ಅಂತ ತಿಳಕೊಂಡ್ರಿ. ಪ್ಯಾಟಿ ಮಂದಿಗಿ ಏನ್ ಗೊತ್ತಾಗಬೇಕು? ಹಂಗ ಅಲ್ಲೇನ್ರಿ?"

ನಾನು ಮೂವತ್ತೇಳು ಕಿಲೋಮೀಟರು ಬಂದದ್ದೇ, ಹಾಗಲ್ಲ ಅಂತ ಹೇಳುವುದಕ್ಕೆ.

"ಹೌದ್ರಿ" ಅಂದೆ. "ಹಂಗ ತಿಳಕೊಂಡ್ನಿ."

"ಇಲ್ಲ ಆಯಿ." ಬಾಗಿಲಿಂದ ಮಗಳ ದನಿ. ಸಿಟ್ಟಿನ ದನಿಯಲ್ಲ, ಲೆಕ್ಕ ತಪ್ಪಿದಾಗ ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು ಹೇಳುತ್ತಾರಲ್ಲ, ಹಾಗೆ. "ಇವ್ರು ಗಾಡಿ ಸಾವಕಾಶ ಮಾಡಿದ್ರು. ನನ್ನ ಫೈಲ್ ನೋಡಿದ್ರು. ಕಿವಿ ನೋಡಿದ್ರು. ಎಲ್ಲಾ ನೋಡಿ ಆಮ್ಯಾಲ ಟಾಟಾ ಮಾಡಿದ್ರು."

ತಾಯಿ ಧಡಕ್ಕನೆ ಎದ್ದಳು. "ಏ! ಬಾಯಿ ಮುಚ್ಚ! ಮನಿಗಿ ಬಂದವ್ರಿಗಿ ಹಿಂಗ ಅಂತಾರೇನ? ಅಷ್ಟು ದೂರದಿಂದ ಹುಡಿಕ್ಕೊಂಡ ಬಂದಾರ, ಮಾಸ್ತರ ಮನಶ್ಯಾ, ಸುಳ್ಳ ಹೇಳ್ತಾರೇನ? ಓದಿದಾಕಿ ಅಂತ, ಇದ ಏನ ಕಲ್ತಿದ್ದು? ತಪ್ಪಾತು ಅನ್ನು. ಅನ್ನು ಮೊದಲ."

ಹುಡುಗಿ ನನ್ನ ಕಡೆ ನೋಡಿದಳು. ನಾನು ಬಾಯಿ ಬಿಡಲಿ ಅಂತ ಕಾಯುತ್ತಿದ್ದಳು ಅನಿಸುತ್ತದೆ, ಸಾಕಷ್ಟು ಹೊತ್ತು ಕಾದಳು. ನಾನು ಲೋಟ ಎತ್ತಿ ಮಜ್ಜಿಗೆ ಕುಡಿದೆ.

"ತಪ್ಪಾತ್ರಿ ಸರ್" ಅಂದಳು.

ನಾನು ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, "ಇರ್ಲಿ ಬಿಡವಾ" ಅಂದೆ.